ಡಾಕ್ಟ್ರಮ್ಮ, ಲಾಯರ್ರು ಮತ್ತು ನಾನು

"ಔಸ್ದಿ ಕುಡ್ಬುಟ್ಟವ್ನೆ ಕನವ್ವ" ಅಂದರು ಆ ಅಜ್ಜಿ.

ಅದಕ್ಕೆ ನಾನು ಕೇಳಿದ್ದೇನು ಗೊತ್ತಾ? "ಯಾವ ಔಷಧಿ ಅಜ್ಜಿ? ಬಿಪಿದಾ, ಶುಗರ್‌ದಾ?"

ಅಜ್ಜಿ ನನ್ನ ಮುಖವನ್ನೇ ನೋಡಿದರು. ಪಕ್ಕದಲ್ಲಿದ್ದ ನಮ್ಮ ಲಾಯರ್ರು ಮೊಣಕೈಯಲ್ಲಿ ತಿವಿದು, "ಗದ್ದೆಗೆ ಹೊಡೆಯೋ ಔಷಧಿ ಕಣೇ" ಅಂದ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಹುಟ್ಟಿ ಬೆಳೆದವಳು. ಕೆಮ್ಮಿಗೆ ಕುಡಿಯುವುದೂ ಔಷಧಿ, ಭತ್ತಕ್ಕೆ ಹೊಡೆಯುವುದೂ ಔಷಧಿ ಅನ್ನುವುದು ಅವತ್ತಿನವರೆಗೆ ತಲೆಗೆ ಹೋಗಿರಲಿಲ್ಲ. ಸೈಕಾಲಜಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಫ್ರಾಯ್ಡ್ ಏನು ಹೇಳಿದ, ಸ್ಕಿನ್ನರ್ ಏನು ಹೇಳಿದ ಎಲ್ಲಾ ಬಾಯಿಪಾಠ ಆಗಿತ್ತು. ಮಂಡ್ಯದ ಅಜ್ಜಿ ಏನು ಹೇಳಿದರು ಅಂತ ಗೊತ್ತಾಗಲು ಒಬ್ಬ ಲಾ ಹುಡುಗ ಬೇಕಾಯಿತು.

ಇದು 2019ರ ಮಾತು. ಊರು, ವಯಸ್ಸು, ಸಂಬಂಧ ಎಲ್ಲಾ ಸ್ವಲ್ಪ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. ಆಸ್ಪತ್ರೆ ಯಾವುದು ಅಂತ ಹೇಳಲ್ಲ, ಮೈಸೂರಿನದು ಅಂದರೆ ಸಾಕು.

ನಾವು ಮೂವರೂ ಅವತ್ತು ಅಲ್ಲಿದ್ದದ್ದಕ್ಕೆ ಕಾರಣ ಒಂದು ಫೋನು. ಲಾಯರ್ರ ಊರು ಪಾಂಡವಪುರದ ಹತ್ತಿರ. ಅವನಿಗೆ ದೂರದಿಂದ ಭಾವ ಆಗಬೇಕಾದವರು ಗದ್ದೆ ಶೆಡ್ಡಿನಲ್ಲಿ ಔಷಧಿ ಕುಡಿದಿದ್ದರು. ಮನೆಯವರು ಆಂಬುಲೆನ್ಸ್‌ನಲ್ಲಿ ಕೂತೇ ಇವನಿಗೆ ಫೋನ್ ಮಾಡಿದ್ದಾರೆ. "ನೀನು ಲಾ ಓದ್ತಿದ್ದೀಯಲ್ಲ, ಕೇಸ್ ಆಗ್ದಂಗೆ ನೋಡ್ಕೊ." ಗಮನಿಸಿ, ಮೊದಲ ಚಿಂತೆ ಜೀವದ್ದಲ್ಲ, ಕೇಸಿನದು. ಅಥವಾ ಎರಡೂ ಒಟ್ಟಿಗೇ ಇತ್ತೇನೋ. ಅವನು ಡಾಕ್ಟ್ರಮ್ಮನಿಗೆ ಫೋನ್ ಮಾಡಿದ. ಅವಳು ಅದೇ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್, ಅಂದರೆ ಓದು ಮುಗಿಸಿ ತರಬೇತಿಯಲ್ಲಿದ್ದ ಡಾಕ್ಟರು. ಆಮೇಲೆ ನನಗೆ ಮಾಡಿದ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. "ಸುಮ್ನೆ ಬಾ" ಅಂದ.

ಅಜ್ಜಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಟವೆಲಿನಲ್ಲಿ ಸುತ್ತಿದ ಬಾಟ್ಲಿ. ಡಾಕ್ಟ್ರಮ್ಮ ಅದನ್ನು ನೋಡಿ, "ಬಾಟ್ಲಿ ತಂದ್ರಾ ಅಜ್ಜಿ? ತುಂಬಾ ಒಳ್ಳೇದಾಯ್ತು" ಅಂದಳು. ಕೀಟನಾಶಕದ ಲೇಬಲ್ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದರೆ ಎಲ್ಲಕ್ಕಿಂತ ಅಪಾಯ, ಆಮೇಲೆ ಹಳದಿ, ನೀಲಿ, ಹಸಿರು. ಅವಳು ಅದನ್ನು ನೋಡಿ ಹೆಸರು ಬರೆದುಕೊಂಡಳು. ಲಾಯರ್ರು "ಗ್ಲೌಸ್ ಹಾಕ್ಕೊಂಡು ಮುಟ್ಟು, ನಾಳೆ ಎವಿಡೆನ್ಸ್ ಆದ್ರೆ?" ಅಂದ. ನನಗೆ ಕಂಡದ್ದು ಬೇರೆ. ಬಾಟ್ಲಿಯ ಮುಚ್ಚಳದ ಮೇಲೆ ಗೋಣಿದಾರ ಬಿಗಿಯಾಗಿ ಸುತ್ತಿ ಮೂರು ಗಂಟು ಹಾಕಿತ್ತು. ಮಗ ಬಾಯಲ್ಲಿ ನೊರೆ ಬಂದು ಬಿದ್ದಿರುವಾಗ ಯಾರು ಕೂತು ಗಂಟು ಹಾಕಿದರು? ಕೇಳಿದೆ. "ಮನೇಲಿ ಮಕ್ಳವೆ" ಅಂದರು ಅಜ್ಜಿ, ಅಷ್ಟೇ.

ಇವರಿಬ್ಬರೂ ನನಗೆ ಹೇಗೆ ಗಂಟು ಬಿದ್ದರು ಅಂತ ಹೇಳಬೇಕು.

ಮೈಸೂರಿನಲ್ಲಿ ಒಂದು ಸೆಮಿನಾರು. ವೈದ್ಯಕೀಯ, ಕಾನೂನು, ಮನಶ್ಶಾಸ್ತ್ರ ಮೂರೂ ಕೈಜೋಡಿಸಬೇಕು ಅನ್ನುವುದು ವಿಷಯ. ವೇದಿಕೆ ಮೇಲಿದ್ದವರಿಗೆಲ್ಲ ಪೇಟ, ಶಾಲು, ಹಣ್ಣಿನ ಬುಟ್ಟಿ ಕೊಡುವಷ್ಟರಲ್ಲಿ ಹನ್ನೊಂದೂವರೆ. ಕೈಜೋಡಿಸಬೇಕು ಅಂತ ನಾಲ್ಕು ಜನ ನಾಲ್ಕು ರೀತಿ ಹೇಳಿದರು. ಕೆಳಗೆ ಮೂರು ಕಾಲೇಜಿನವರು ಮೂರು ಸಾಲಿನಲ್ಲಿ ಕೂತು ಅವರವರ ಮೊಬೈಲು ನೋಡುತ್ತಿದ್ದೆವು. ನಿಜವಾದ ಕೈಜೋಡಣೆ ಆದದ್ದು ಊಟದ ಸಾಲಿನಲ್ಲಿ. ಬಿಸಿಬೇಳೆಬಾತು ಖಾಲಿಯಾಗಿ, ಇನ್ನೊಂದು ಪಾತ್ರೆ ಬರುವವರೆಗೆ ತಟ್ಟೆ ಹಿಡಿದು ನಿಂತವರು ನಾವು ಮೂವರು.

ನಮ್ಮ ಊರಿನ ವಿಚಿತ್ರ ನೋಡಿ. ಮೆಡಿಕಲ್ ಕಾಲೇಜು, ಮಹಾರಾಜ ಕಾಲೇಜು, ಕೋರ್ಟು ಮೂರಕ್ಕೂ ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಬಹುದು. ಮೈಸೂರು ಮೆಡಿಕಲ್ ಕಾಲೇಜು ಶುರುವಾದದ್ದು 1924ರಲ್ಲಿ, ಮೊದಲು ಬೆಂಗಳೂರಿನಲ್ಲಿ. ಮೈಸೂರಿಗೆ ಬಂದದ್ದು 1930ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವೂ 1924ರದ್ದೇ. ಎಂ.ವಿ. ಗೋಪಾಲಸ್ವಾಮಿ ಅದನ್ನು ಮಹಾರಾಜ ಕಾಲೇಜಿನಲ್ಲಿ ಕಟ್ಟಿದರು. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಶುರುಮಾಡಿದ ಅದೇ ಮೇಷ್ಟ್ರು. ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಮನಶ್ಶಾಸ್ತ್ರದ ಪ್ರೊಫೆಸರಿಗೆ ರೇಡಿಯೋ ಯಾಕೆ ಅಂತ ಆಗ ಯಾರೂ ಕೇಳಲಿಲ್ಲ ಅನ್ನಿಸುತ್ತದೆ. ನೂರು ವರ್ಷದ ಅಕ್ಕಪಕ್ಕದ ಮನೆಗಳು ಇವು. ಆದರೂ ನಾನು ಸೈಕಾಲಜಿ ಓದಿದ ಐದು ವರ್ಷದಲ್ಲಿ ಒಂದು ದಿನವೂ ಮೆಡಿಕಲ್ ವಿದ್ಯಾರ್ಥಿಯ ಜೊತೆ ಒಂದೇ ಕ್ಲಾಸಿನಲ್ಲಿ ಕೂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು, ಆಮೇಲೆ ಇಡ್ಲಿ ಕಾಫಿ. ಹೀಗೆ ಶುರುವಾಯಿತು. ಒಂದು ನಿಯಮ ಇತ್ತು. ಬೇರೆ ಇಬ್ಬರಿಗೆ ಅರ್ಥವಾಗದ ಪದ ಬಳಸಿದರೆ ಕಾಫಿ ದುಡ್ಡು ಅವರದ್ದೇ. ಮೊದಲ ತಿಂಗಳು ಲಾಯರ್ರು ದಿವಾಳಿ. ಆದರೆ ಕಷ್ಟ ಬಂದದ್ದು ಗೊತ್ತಿಲ್ಲದ ಪದಗಳಿಂದ ಅಲ್ಲ, ಮೂವರಿಗೂ ಗೊತ್ತಿದ್ದ ಪದಗಳಿಂದ. ಡಿಸ್ಚಾರ್ಜ್ ಅಂದರೆ ಡಾಕ್ಟ್ರಮ್ಮನಿಗೆ ರೋಗಿ ಮನೆಗೆ ಹೋದ. ಲಾಯರ್ರಿಗೆ ವಿಚಾರಣೆ ಶುರುವಾಗುವ ಮೊದಲೇ ಕೋರ್ಟು ಆರೋಪಿಯನ್ನು ಬಿಟ್ಟಿತು. ಕನ್ಸೆಂಟ್ ಅಂದರೆ ಅವಳಿಗೆ ಆಪರೇಷನ್‌ಗೆ ಮೊದಲು ಹಾಕಿಸುವ ಸಹಿ. ಅವನಿಗೆ ಮೊದಲ ಪ್ರಶ್ನೆಯೇ "ವಯಸ್ಸು ಹದಿನೆಂಟು ಆಗಿದೆಯಾ?" ನನಗೆ ಅದು ಒಂದು ಸಲ ಕೇಳಿ ಮುಗಿಸುವುದಲ್ಲ, ಪ್ರತಿ ಸಲ ಕೇಳಬೇಕಾದದ್ದು. ಹಿಸ್ಟರಿ ಅಂದರೆ ಅವಳಿಗೆ "ಎಷ್ಟು ದಿನದಿಂದ ಜ್ವರ?" ನನಗೆ "ಚಿಕ್ಕಂದಿನಲ್ಲಿ ಮನೇಲಿ ಹೇಗಿತ್ತು?" ಅವನಿಗೆ ಸೀದಾ ಹಿಸ್ಟರಿ ಶೀಟರ್.

ಸರಿ, ಆಸ್ಪತ್ರೆಗೆ ವಾಪಸ್ ಬರೋಣ.

ರಾತ್ರಿಯೆಲ್ಲ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟರು. ಮಾರನೇ ದಿನ ಮಧ್ಯಾಹ್ನ ಭಾವ ಕಣ್ಣು ಬಿಟ್ಟು ಮಾತಾಡಿದರು. ಮನೆಯವರಿಗೆ ಜೀವ ಬಂದಂತಾಯಿತು. "ಉಸಾರಾದ, ಮನೆಗೆ ಕರ್ಕೊಂಡೋಯ್ತೀವಿ" ಅಂತ ಶುರು. ಡಾಕ್ಟ್ರಮ್ಮ ಬಿಲ್‌ಕುಲ್ ಒಪ್ಪಲಿಲ್ಲ. ಎರಡು ಮೂರು ಗಂಟೆಗೊಮ್ಮೆ ಬಂದು, "ದಿಂಬಿನಿಂದ ತಲೆ ಎತ್ತಿ ನೋಡೋಣ" ಅನ್ನುತ್ತಿದ್ದಳು. ಅವರು ಎತ್ತುತ್ತಿದ್ದರು, ಅವಳು ಬರೆದುಕೊಂಡು ಹೋಗುತ್ತಿದ್ದಳು. ನನಗೆ ಇದೇನು ಆಟ ಅನ್ನಿಸಿತ್ತು. ಆಮೇಲೆ ಹೇಳಿದಳು. ಈ ಜಾತಿಯ ವಿಷದಲ್ಲಿ ಒಂದು ದಿನ ಕಳೆದು ಎಲ್ಲಾ ಸರಿಹೋಯಿತು ಅನ್ನುವಾಗ, ಸುಮಾರು ನಾಲ್ಕು ದಿನದ ಒಳಗೆ, ಉಸಿರಾಟದ ಸ್ನಾಯುಗಳು ಸೋಲಬಹುದು. ಅದಕ್ಕೆ ಮೊದಲು ಕುತ್ತಿಗೆ ಸೋಲುತ್ತದೆ. ತಲೆ ಎತ್ತೋಕೆ ಆಗದಿದ್ದರೆ ವೆಂಟಿಲೇಟರ್ ಹತ್ತಿರ ಇರಬೇಕು.

ಆ ಹೊತ್ತಿಗೇ ಅವಳು ಕೇಸ್ ಶೀಟ್ ಸರಿಯಾಗಿ ಓದಿದ್ದು. "ಆಕಸ್ಮಿಕವಾಗಿ ಕೀಟನಾಶಕ ಸೇವಿಸಿದರೆಂದು ಹೇಳಲಾಗಿದೆ" ಅಂತಿತ್ತು. ಈ "ಹೇಳಲಾಗಿದೆ" ಅನ್ನುವುದನ್ನು ಡಾಕ್ಟರುಗಳು ಇಂಗ್ಲಿಷಿನಲ್ಲಿ ಅಲೆಜ್ಡ್ ಅಂತ ಬರೆಯುತ್ತಾರೆ. ಅದು ಗೊತ್ತಾದಾಗ ಲಾಯರ್ರಿಗೆ ಎಷ್ಟು ಖುಷಿ ಅಂತೀರಾ, ತನ್ನ ಜಾತಿಯವರು ಸಿಕ್ಕರು ಅನ್ನುವ ಹಾಗೆ. ಆದರೆ ಅವತ್ತು ಖುಷಿ ಪಡುವ ಸ್ಥಿತಿ ಇರಲಿಲ್ಲ. ನೀರಿನ ಫಿಲ್ಟರ್ ಹತ್ತಿರ ಅವಳು ಅವನನ್ನು ಹಿಡಿದು ನಿಲ್ಲಿಸಿದಳು.

"ಕೆಮ್ಮಿನ ಔಷಧಿ ಅಂತ ತಪ್ಪಿ ಕುಡಿದರು ಅಂತಿದ್ದಾರಲ್ಲೋ. ನೀನೇ ಹೇಳಿಕೊಟ್ಟೆ ತಾನೇ?"

"ಕೇಸ್ ಆಗ್ಬಾರ್ದು ಅಂತ ಹೇಳ್ದೆ ಕಣೇ."

"ಯಾವ ಕೇಸು?"

"ಐಪಿಸಿ ಮುನ್ನೂರ ಒಂಬತ್ತು. ಆತ್ಮಹತ್ಯೆಗೆ ಯತ್ನಿಸಿದ್ರೆ ಒಂದು ವರ್ಷದವರೆಗೆ ಜೈಲು."

ಔಷಧಿ ಅನ್ನುವ ಪದದ ಎರಡು ಅರ್ಥ ಇಟ್ಟುಕೊಂಡೇ ಸುಳ್ಳು ಹೆಣೆದಿದ್ದ ಮಹಾಶಯ. ನನಗೆ ಕ್ಲಾಸಿನಲ್ಲಿ ಕೇಳಿದ್ದು ನೆನಪಾಯಿತು. "ಮಾನಸಿಕ ಆರೋಗ್ಯದ ಹೊಸ ಕಾಯ್ದೆ ಬಂದಿದೆಯಲ್ಲ, ಹಾಗೆ ಮಾಡಿಕೊಂಡವರನ್ನು ಶಿಕ್ಷಿಸಬಾರದು ಅಂತ ಏನೋ ಇದೆ" ಅಂದೆ. ಯಾವ ಸೆಕ್ಷನ್ ಅಂತ ನನಗೆ ಗೊತ್ತಿಲ್ಲ. ಡಾಕ್ಟ್ರಮ್ಮ ತಟ್ಟನೆ "115" ಅಂದಳು. ಪರೀಕ್ಷೆಯ ತಯಾರಿಯಲ್ಲಿ ನಂಬರ್ ಉರು ಹೊಡೆದಿದ್ದಳಂತೆ, ಒಳಗೆ ಏನಿದೆ ಗೊತ್ತಿಲ್ಲ. ಲಾಯರ್ರಿಗೆ ನಂಬರೂ ಗೊತ್ತಿಲ್ಲ, ವಿಷಯವೂ ಗೊತ್ತಿಲ್ಲ. ಆದರೆ ಕಾಯ್ದೆ ಓದಲು ಬರುವುದು ಅವನಿಗೆ ಮಾತ್ರ. ಮೊಬೈಲಿನಲ್ಲಿ ತೆಗೆದು, ನಿಂತಲ್ಲೇ ಮೂರು ಸಲ ಓದಿದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇನಿಂದ ಜಾರಿ. 309ರಲ್ಲಿ ಏನೇ ಇರಲಿ, ಜೀವ ತೆಗೆದುಕೊಳ್ಳಲು ಹೊರಟವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅಲ್ಲ ಅಂತ ಸಾಬೀತಾಗದ ಹೊರತು ಅವರನ್ನು ವಿಚಾರಿಸಿ ಶಿಕ್ಷಿಸುವಂತಿಲ್ಲ. ಅಷ್ಟೇ ಅಲ್ಲ, ಅವರಿಗೆ ಆರೈಕೆ, ಚಿಕಿತ್ಸೆ ಕೊಟ್ಟು ಮತ್ತೆ ಹಾಗಾಗದಂತೆ ನೋಡುವುದು ಸರ್ಕಾರದ ಕರ್ತವ್ಯ.

ಇವನ ಮುಖ ಸಣ್ಣಗಾಯಿತು. ಸುಳ್ಳು ಬೇಕಾಗಿಯೇ ಇರಲಿಲ್ಲ. ಸುಮ್ನೆ ಹೇಳಿಸಿದ ಸುಳ್ಳು ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಆಕಸ್ಮಿಕ ಅಂತ ಬರೆದಿದ್ದರಿಂದ ಮನೋವೈದ್ಯರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಆ ಮನುಷ್ಯ ನಾಲ್ಕು ದಿನ ಬಿಟ್ಟು ಅದೇ ಶೆಡ್ಡಿಗೆ ವಾಪಸ್ ಹೋಗುತ್ತಿದ್ದರು. ಮನೆಯವರು ಅದೇ ಸುಳ್ಳು ಹೇಳಿ ಹೇಳಿ ಕೊನೆಗೆ ತಾವೇ ನಂಬುತ್ತಿದ್ದರು. ಇನ್ನು ಕೆಟ್ಟದ್ದೇ ಆಗಿಬಿಟ್ಟರೆ? ನಮ್ಮ ರಾಜ್ಯದಲ್ಲಿ ಸಾಲ ತೀರಿಸಲಾಗದೆ ಪ್ರಾಣ ಬಿಟ್ಟ ರೈತನ ಕುಟುಂಬಕ್ಕೆ ಐದು ಲಕ್ಷ ಪರಿಹಾರ ಇದೆ. ಸಾಲದ ಕಾಗದ, ಪೋಸ್ಟ್‌ಮಾರ್ಟಂ ವರದಿ ಎಲ್ಲಾ ನೋಡಿ ಉಪವಿಭಾಗಾಧಿಕಾರಿಯ ಸಮಿತಿ ತೀರ್ಮಾನ ಮಾಡುತ್ತದೆ. ಅಲ್ಲಿ ಆಕಸ್ಮಿಕ ಅನ್ನುವ ಒಂದು ಪದ ಹೆಂಡತಿ ಮಕ್ಕಳ ವಿರುದ್ಧ ನಿಲ್ಲುತ್ತಿತ್ತು.

ಇಂಥವರು ಬಂದಾಗ ಆಸ್ಪತ್ರೆಯವರು ಮೆಡಿಕೋ-ಲೀಗಲ್ ಕೇಸ್, ಅಂದರೆ ಎಂಎಲ್‌ಸಿ ಅಂತ ಬರೆದುಕೊಳ್ಳುತ್ತಾರೆ. ಲಾಯರ್ರೇ ಹೋಗಿ ಅಜ್ಜಿಗೆ ಹೇಳಿದ. "ಎಂಎಲ್‌ಸಿ ಅಂದ್ರೆ ಕೇಸಲ್ಲ ಅತ್ತೆ. ಪೊಲೀಸ್‌ಗೆ ಒಂದು ಚೀಟಿ ಹೋಗುತ್ತೆ ಅಷ್ಟೇ." ಅಜ್ಜಿ ನಂಬಲಿಲ್ಲ. ನಿನ್ನೆ ಒಂದು ಹೇಳಿ ಇವತ್ತು ಇನ್ನೊಂದು ಹೇಳುವವನನ್ನು ಯಾರು ನಂಬುತ್ತಾರೆ? ಹೆಂಡತಿ ನಂಬಿದರು. ಅವರು ಹೇಳಿದ್ದನ್ನು ಯೂನಿಟ್ಟಿನ ದೊಡ್ಡ ಡಾಕ್ಟರು ಕೇಳಿ, ಹಳೆಯದನ್ನು ಹೊಡೆದು ಹಾಕದೆ, ಕೆಳಗೆ ತಾರೀಖು ಟೈಮು ಹಾಕಿ ಹೊಸದಾಗಿ ಬರೆದರು. ಗೆರೆ ಎಳೆದಿದ್ದರೆ ಕೋರ್ಟಿನಲ್ಲಿ ಆ ಗೆರೆಯೇ ಪ್ರಶ್ನೆಯಾಗುತ್ತದೆ ಅಂತ ಅವತ್ತು ತಿಳಿಯಿತು.

ನಾನೇನು ಕಡಿಮೆ ಇಲ್ಲ. ಆವತ್ತು ಸಂಜೆ ಮಂಚದ ಹತ್ತಿರ ಕೂತು, ಪುಸ್ತಕದಲ್ಲಿ ಇದ್ದ ಹಾಗೇ ಮೆತ್ತಗಿನ ದನಿಯಲ್ಲಿ, "ಯಾಕೆ ಹೀಗೆ ಮಾಡ್ಕೊಂಡ್ರಿ?" ಅಂತ ಕೇಳಿದೆ. ಸುತ್ತ ಆರು ಜನ ನೆಂಟರು, ಅದರಲ್ಲಿ ಒಬ್ಬರು ಅವರ ಮಾವ. ಆ ಮನುಷ್ಯ ಗೋಡೆ ಕಡೆ ತಿರುಗಿ ಮಲಗಿದವರು ಈ ಕಡೆ ತಿರುಗಲೇ ಇಲ್ಲ. ದನಿ ಮೆತ್ತಗಿದ್ದರೆ ಸಾಕಾ?

ರಾತ್ರಿ ಲಾಯರ್ರು ಮಂಚದ ಕೆಳಗೆ ಚಾಪೆ ಹಾಕಿಕೊಂಡು ಕೂತ. "ಭಾವ, ವಿ.ಸಿ. ನಾಲೇಲಿ ನೀರು ಬಿಟ್ರಾ?" ಅಂದ. ನಾಲೆ ನೀರಿನಿಂದ ಕಬ್ಬಿಗೆ ಬಂತು ಮಾತು, ಕಬ್ಬಿನಿಂದ ಫ್ಯಾಕ್ಟರಿ ಬಾಕಿಗೆ, ಅಲ್ಲಿಂದ ಕೈಸಾಲಕ್ಕೆ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ, ಹೆಂಡತಿಗೂ ಗೊತ್ತಿಲ್ಲದ್ದು. ಸಾಲ ಕೊಟ್ಟವನು ಮಗಳ ಸ್ಕೂಲಿನ ಹತ್ತಿರ ಬಂದು ನಿಂತಿದ್ದನಂತೆ. "ಯಾರ್ಗೂ ಏಳ್ಬ್ಯಾಡ ಕನ್ಲಾ" ಅಂದರಂತೆ ಭಾವ. ಕೌನ್ಸೆಲಿಂಗ್ ಅಂತ ಎರಡು ಪೇಪರ್ ಓದಿದ ನನಗೆ ಸಿಗದ ಮಾತು, ಲಾ ಹುಡುಗನಿಗೆ ಸಿಕ್ಕಿತು. ಹೊಟ್ಟೆಕಿಚ್ಚು ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಅವನಿಗೆ ಬೆಳಗಿನ ಜಾವದವರೆಗೆ ನಿದ್ದೆ ಇಲ್ಲ. ಯಾರಿಗೂ ಹೇಳಬೇಡ ಅಂದಿದ್ದಾರೆ, ಹೇಳದಿದ್ದರೆ ಸಾಲ ಕೊಟ್ಟವನು ಮತ್ತೆ ಬಂದು ನಿಲ್ಲುತ್ತಾನೆ. ಲಾ ಓದುವವರಿಗೆ ಇಂಥ ಭಾರ ಹೊರುವುದು ಯಾರೂ ಕಲಿಸುವುದಿಲ್ಲ. ಇಲ್ಲಿ ಮಾತ್ರ ನಾನು ಕೆಲಸಕ್ಕೆ ಬಂದೆ. ಗುಟ್ಟು ಬಿಡಬೇಡ, ಯಾರಿಗೆ ಹೇಳಬಹುದು ಅಂತ ಅವರನ್ನೇ ಕೇಳು ಅಂದೆ. ಕೇಳಿದ. "ಡಾಕ್ಟ್ರಮ್ಮಂಗೆ ಏಳು" ಅಂದರು. ಅವಳು ಮನೋವೈದ್ಯರಿಗೆ ಹೇಳಿದಳು. ಅವರು ಬಂದು, ನೆಂಟರನ್ನೆಲ್ಲ ಹೊರಗೆ ಕಳಿಸಿ, ಒಂದು ಗಂಟೆ ಕೂತರು. ಮುಂದಿನದು ದೊಡ್ಡವರ ಕೆಲಸ. ನಮ್ಮಲ್ಲಿ ಯಾರಿಗೂ ಮಾತ್ರೆ ಬರೆಯುವ, ವಕಾಲತ್ತು ಹಾಕುವ, ಚಿಕಿತ್ಸೆ ಮಾಡುವ ಹಕ್ಕು ಇನ್ನೂ ಇರಲಿಲ್ಲ. ಅತಿಯಾದ ಬಡ್ಡಿ ತಡೆಯಲು 2004ರದ್ದೇ ಒಂದು ರಾಜ್ಯ ಕಾಯ್ದೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅವರ ಹೆಂಡತಿ ಕೈಗೆ ಕೊಟ್ಟ ಲಾಯರ್ರು.

ಅದಾದ ಮೇಲೆ ನಮ್ಮ ಭಾನುವಾರದ ಇಡ್ಲಿಗೆ ಹೊಸ ರೂಲ್ಸು. ಒಂದೇ ಕೇಸು, ಮೂವರೂ ಅರ್ಧ ಅರ್ಧ ಹಾಳೆ ಬರೆಯಬೇಕು, ಆಮೇಲೆ ಅದಲು ಬದಲು ಮಾಡಿಕೊಂಡು ಓದಬೇಕು. ಮೊದಲ ದಿನ ಡಾಕ್ಟ್ರಮ್ಮ ಲಾಯರ್ರ ಹಾಳೆ ಓದಿ, "ಆ ಮನುಷ್ಯ ಬದುಕಿದ್ದಾನಾ ಸತ್ತಿದ್ದಾನಾ ಅಂತಾನೇ ಬರೆದಿಲ್ವಲ್ಲೋ" ಅಂದಳು. ಅವಳ ಹಾಳೆಯಲ್ಲಿ ನಾಡಿ ಇತ್ತು, ಕಣ್ಣಿನ ಪಾಪೆ ಇತ್ತು, ಹೆಂಡತಿ ಇರಲಿಲ್ಲ. ನನ್ನ ಅರ್ಧ ಹಾಳೆಯಲ್ಲಿ "ಇರಬಹುದು" ಅನ್ನುವ ಪದ ಹನ್ನೊಂದು ಸಲ ಇತ್ತು. ಎಣಿಸಿದ್ದು ಲಾಯರ್ರು.

ಎಲ್ಲಾ ಕೇಸೂ ಹೀಗೆ ಕೂಡಿ ಬರಲಿಲ್ಲ. ಒಂದು ಭಾನುವಾರದ ಹಾಳೆಯಲ್ಲಿ ನಾವೇ ಕಲ್ಪಿಸಿಕೊಂಡ ಹದಿನೇಳರ ಹುಡುಗಿ. ಗರ್ಭಿಣಿ. ಹುಡುಗ ಅವಳಿಗೆ ಇಷ್ಟದವನೇ. ಹದಿನೆಂಟು ತುಂಬದವರನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರಿಗೇ ಶಿಕ್ಷೆ ಅಂದ ಲಾಯರ್ರು. ತಿಳಿಸುತ್ತಾರೆ ಅಂತ ಗೊತ್ತಾದರೆ ಇವಳಂಥವಳು ಆಸ್ಪತ್ರೆಗೇ ಬರಲ್ಲ, ಎಲ್ಲೋ ಯಾರ ಕೈಗೋ ಹೋಗಿ ಸಾಯ್ತಾಳೆ ಅಂದಳು ಡಾಕ್ಟ್ರಮ್ಮ. ಅವಳನ್ನು ಯಾರಾದರೂ ಏನು ಬೇಕು ಅಂತ ಕೇಳಿದಿರಾ ಅಂತ ನಾನು. ಅವತ್ತು ಕಾಫಿ ಆರಿಹೋಯಿತು. ಮೂವರೂ ಬೇರೆ ಬೇರೆ ದಾರಿ ಹಿಡಿದು ಮನೆಗೆ ಹೋದೆವು. ಮುಂದೆ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಂದು ದಾರಿ ಹೇಳಿತು. ಗರ್ಭಪಾತಕ್ಕೆ ಬಂದ ಇಂಥ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಡಾಕ್ಟರು ಆಕೆಯ ಹೆಸರು, ಗುರುತು ಹೇಳಬೇಕಿಲ್ಲ. ಲಾಯರ್ರು ತೀರ್ಪಿನ ಆ ಭಾಗ ಗ್ರೂಪಿಗೆ ಹಾಕಿದ. ಡಾಕ್ಟ್ರಮ್ಮ ಒಂದು ಕಾಫಿ ಲೋಟದ ಚಿತ್ರ ಕಳಿಸಿದಳು. ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ.

ಆಮೇಲೆ ಗ್ರೂಪು ತಣ್ಣಗಾಯಿತು. ಕೆಲಸ, ಮದುವೆ, ಮನೆ ಸಾಲ. ಮತ್ತೆ ಎದ್ದದ್ದು 2023ರ ಕೊನೆಯಲ್ಲಿ, ಮಂಡ್ಯದ ಆಲೆಮನೆ ಸುದ್ದಿ ಬಂದಾಗ. ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣೋ ಗಂಡೋ ನೋಡುತ್ತಿದ್ದರು ಅನ್ನುವ ಪ್ರಕರಣ. ನಮ್ಮ ಜಿಲ್ಲೆಗಳಲ್ಲಿ ಆ ವಾರ ಅದು ಬಿಟ್ಟು ಬೇರೆ ಮಾತಿರಲಿಲ್ಲ. ಡಾಕ್ಟ್ರಮ್ಮನಿಗೆ ತನ್ನ ವೃತ್ತಿಯ ಬಗ್ಗೆಯೇ ಸಿಟ್ಟು. ಲಾಯರ್ರು 1994ರ ಲಿಂಗ ಪತ್ತೆ ತಡೆ ಕಾಯ್ದೆ ತೆಗೆದು ಕೂತ. ನಾನು ಆ ಹೆಂಗಸರ ಬಗ್ಗೆ ಕೇಳಿದೆ. ಅವರೂ ಆರೋಪಿಗಳಾ? ಆಗ ಅವನು 24ನೇ ಸೆಕ್ಷನ್ ಕಳಿಸಿದ. ಗಂಡನೋ ನೆಂಟರೋ ಒತ್ತಾಯ ಮಾಡಿ ಆಕೆಯನ್ನು ಕರೆತಂದರು ಎಂದೇ ಕೋರ್ಟು ಭಾವಿಸಬೇಕು, ಬೇರೆ ಸಾಬೀತಾಗುವವರೆಗೆ.

ಮತ್ತೆ "ಭಾವಿಸಬೇಕು"! 115ರಲ್ಲಿ ಇದ್ದ ಅದೇ ಪದ. ಒಬ್ಬ ಮನುಷ್ಯ ಹೀಗೆ ಮಾಡಿದ್ದರ ಹಿಂದೆ ಏನೋ ಅದುಮಿತ್ತು ಅಂತ ಶುರುವಿನಲ್ಲೇ ಒಪ್ಪಿಕೊಂಡುಬಿಡುವುದು. ಮನಶ್ಶಾಸ್ತ್ರದ ಕ್ಲಾಸಿನಲ್ಲಿ ಹೇಳಬೇಕಾದ ಮಾತು ಕಾನೂನಿನ ಪುಸ್ತಕದೊಳಗೆ ಸದ್ದಿಲ್ಲದೆ ಕೂತಿದೆ. ನಮ್ಮ ವಿಭಾಗದಲ್ಲಿ ಯಾರೂ ತೋರಿಸಿರಲಿಲ್ಲ, ಯಾಕಂದರೆ ನಾವು ಆ ಪುಸ್ತಕ ತೆಗೆಯುವುದಿಲ್ಲ. ಲಾ ಕಾಲೇಜಿನವರು ತೆಗೆಯುತ್ತಾರೆ, ಆದರೆ ಅವರಿಗೆ ಅದು ಬರೀ ಪುರಾವೆಯ ಹೊಣೆ ಯಾರದ್ದು ಅನ್ನುವ ಲೆಕ್ಕ.

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿತು. ಹಳೆಯ 309 ಅದರಲ್ಲಿ ಇಲ್ಲ. ಸರ್ಕಾರಿ ಅಧಿಕಾರಿಯನ್ನು ಬಗ್ಗಿಸಲು ಹಾಗೆ ಮಾಡಿದರೆ ಮಾತ್ರ ಅಪರಾಧ, ಅದು 226. ಆದರೂ ಹಳ್ಳಿಯಲ್ಲಿ ಇವತ್ತಿಗೂ ಮೊದಲ ಮಾತು "ಕೇಸಾಯ್ತದೆ, ಸುಮ್ನಿರಿ" ಅಂತಲೇ. ಡಾಕ್ಟ್ರಮ್ಮ ಈಗ ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಳೆ. ಕಳೆದ ವರ್ಷ ಫೋನ್ ಮಾಡಿ, "ಎಮರ್ಜೆನ್ಸಿ ಬಾಗಿಲ ಹತ್ತಿರ ಅಂಟಿಸೋಕೆ ಒಂದು ಹಾಳೆ ಬೇಕು, ಬನ್ನಿ ಬರೆಯೋಣ" ಅಂದಳು. ನಾಲ್ಕು ಸಾಲಿಗೆ ಮೂವರಿಗೆ ಎರಡು ಗಂಟೆ ಹಿಡಿಯಿತು. ಜಗಳ ಮೊದಲ ಸಾಲಿಗೇ. "ವಿಷ ಸೇವಿಸಿದವರ" ಅಂದಳು ಅವಳು. "ಆತ್ಮಹತ್ಯೆಗೆ ಯತ್ನಿಸಿದವರ" ಅಂದ ಅವನು, ಆಮೇಲೆ ತಾನೇ ಬೇಡ ಅಂದ. ನಾನು ಅಜ್ಜಿಯ ಪದ ಇಡಿ ಅಂದೆ. ಹಾಗೆ ಆಯಿತು.

ಔಷಧಿ ಕುಡಿದವರ ಮನೆಯವರಿಗೆ.
ಬಾಟ್ಲಿ ತನ್ನಿ, ನಡೆದದ್ದು ನಡೆದ ಹಾಗೇ ಹೇಳಿ. ಎಂಎಲ್‌ಸಿ ಅಂದರೆ ಅವರ ಮೇಲೆ ಕೇಸಲ್ಲ.
ಹುಷಾರಾದಂತೆ ಕಂಡರೂ ಡಾಕ್ಟರು ಹೇಳುವವರೆಗೆ ಕರೆದುಕೊಂಡು ಹೋಗಬೇಡಿ.
ಮಾತಾಡಬೇಕು ಅನ್ನಿಸಿದರೆ ಟೆಲಿಮಾನಸ್, 14416. ದುಡ್ಡಿಲ್ಲ, ಯಾವ ಹೊತ್ತಿಗೂ ಮಾಡಬಹುದು.

ಮೊನ್ನೆ ಡಾಕ್ಟ್ರಮ್ಮ ಆ ಹಾಳೆಯ ಫೋಟೋ ಕಳಿಸಿದಳು. ಮೂಲೆಗಳಿಗೆ ಆಸ್ಪತ್ರೆಯ ಬಿಳಿ ಪ್ಲಾಸ್ಟರು. ಕೆಳಗಿನ ಸಾಲು ಮಾತ್ರ ಇಲ್ಲ, ಅಡ್ಡಡ್ಡ ಹರಿದಿದೆ. "ಯಾರೋ ನಂಬರ್ ಹರ್ಕೊಂಡು ಹೋಗಿದ್ದಾರೆ ಕಣೇ. ಇನ್ನೊಂದು ನಾಲ್ಕು ಪ್ರಿಂಟ್ ತೆಗೆಸಿ ಕಳಿಸು" ಅಂದಳು. ಹತ್ತು ತೆಗೆಸಿದೆ.